ನಡುವಿನವನಿಲ್ಲದೆ ಮಾರಿದ ಮನೆ

"ತಾಯಿ, ನನ್ನ ಮನೆಯನ್ನು ನಾನೇ ಮಾರಿದರೆ ತಪ್ಪೇನು?" ಎಂದು ಅಡಿವೆಪ್ಪ ಕೇಳಿದ.

ಅವನು ಆಶ್ರಮಕ್ಕೆ ಬರತೊಡಗಿ ಎರಡು ವರ್ಷವಾಗಿತ್ತು. ಇದ್ದ ಮನೆಯನ್ನು ಮಾರಿ, ಬಂದದ್ದನ್ನು ಆಶ್ರಮಕ್ಕೆ ಒಪ್ಪಿಸಿ, ಗುರುತಾಯಿಯ ಬಳಿಯೇ ಉಳಿದುಬಿಡಬೇಕೆಂದು ಅವನ ಆಸೆ. ಕೊಳ್ಳುವವನೂ ಸಿಕ್ಕಿದ್ದ. ಊರಿನ ಹಿರಿಯರು ಮಾತ್ರ ದಲ್ಲಾಳಿಯನ್ನು ಕರೆದು ಕ್ರಮವಾಗಿ ಮಾಡು ಎನ್ನುತ್ತಿದ್ದರು.

"ಮಾರುವವನು ನಾನು, ಕೊಳ್ಳುವವನು ಅವನು. ಇಬ್ಬರಿಗೂ ಕಣ್ಣಿದೆ, ಬಾಯಿದೆ. ನಡುವೆ ಇನ್ನೊಬ್ಬನಿಗೆ ಏನು ಕೆಲಸ?"

ಗುರುತಾಯಿ ಹುಟ್ಟಿದ್ದು ದೂರದ ಬಯಲುಸೀಮೆಯ ಪೇಟೆಯೊಂದರಲ್ಲಿ. ಆ ಊರು ಬಿಟ್ಟು ಐವತ್ತು ವರ್ಷ ಕಳೆದಿತ್ತು.

"ನಮ್ಮೂರಲ್ಲಿ ಅವನಿಗೆ ಬೇರೆ ಹೆಸರಿತ್ತಪ್ಪ" ಎಂದರು. "ಕೂಗು... ಕೂಗುವ... ಅಲ್ಲ. ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ, ಈಚೆಗೆ ಬರುವುದಿಲ್ಲ. ನೀವು ದಲ್ಲಾಳಿ ಅನ್ನುತ್ತೀರಿ. ಅವನು ಬರೀ ದಲ್ಲಾಳಿಯಲ್ಲ. ಹೋಗಲಿ ಬಿಡು, ನಡುವಿನವನು ಅನ್ನೋಣ. ಒಂದು ಕತೆ ಹೇಳುತ್ತೇನೆ, ಕೇಳು."

ಒಂದು ಪೇಟೆಯಲ್ಲಿ ಒಬ್ಬ ಬಳೆಗಾರನಿದ್ದ. ಕೈ ಹಿಡಿದರೆ ಸಾಕು, ಅಳತೆ ಹೇಳುತ್ತಿದ್ದ. ಕೆಲವು ಮನೆಗಳಲ್ಲಿ ಹೆಂಗಸರು ಕದದ ಹಿಂದೆ ನಿಂತು ಕೈಯನ್ನು ಮಾತ್ರ ಹೊರಗೆ ಚಾಚುತ್ತಿದ್ದರು. ಅವರ ಮುಖವನ್ನು ಅವನು ಕಂಡವನಲ್ಲ. ಆದರೂ ಬೆರಳ ಗಿಣ್ಣು ಮುಟ್ಟಿದೊಡನೆ, ಇದು ಇಂಥವರ ಸೊಸೆಯ ಕೈ, ಹೋದ ವರ್ಷಕ್ಕಿಂತ ಸೊರಗಿದೆ ಎಂದು ಅವನಿಗೆ ತಿಳಿಯುತ್ತಿತ್ತು. ತೊಡಿಸುವಾಗ ಅವನ ಕೈಯಲ್ಲಿ ಬಳೆ ಒಡೆದದ್ದನ್ನು ಯಾರೂ ಕಂಡಿರಲಿಲ್ಲ.

ಅವನಿಗೆ ಒಬ್ಬಳು ಅಕ್ಕ. ತಾಯಿ ಸತ್ತಾಗ ಅವನು ತೊಟ್ಟಿಲ ಕೂಸು, ಅವಳಿಗೆ ಹನ್ನೆರಡು. ಅಂದಿನಿಂದ ಅವಳೇ ಅವನಿಗೆ ತಾಯಿ. ಮದುವೆಯ ಮಾತು ಬಂದಾಗಲೆಲ್ಲ "ಇಂವ ಒಂದೀಟು ದೊಡ್ಡಾಂವ ಆಗ್ಲಿ" ಎನ್ನುತ್ತ ಬಂದಳು. ಅವನು ದೊಡ್ಡವನಾದ. ಅಷ್ಟು ಹೊತ್ತಿಗೆ ಅವಳಿಗೆ ಮದುವೆಯ ಮಾತು ಬರುವುದೇ ನಿಂತುಹೋಗಿತ್ತು. ಮನೆಯ ಹಿಂದಿನ ಕೋಣೆಯಲ್ಲಿ ಕೂತು ಅವಳು ಬಳೆಗಳನ್ನು ಅಳತೆವಾರು ಬೇರ್ಪಡಿಸಿ, ಹುರಿಗೆ ಪೋಣಿಸಿ, ಮಲಾರ ಕಟ್ಟುತ್ತಿದ್ದಳು. ತಮ್ಮ ಆ ಮಲಾರವನ್ನು ಹೆಗಲಿಗೇರಿಸಿಕೊಂಡು ಓಣಿ ಓಣಿ ತಿರುಗುತ್ತಿದ್ದ. ಪ್ರತಿ ವರ್ಷ ಪಂಚಮಿಗೆ ಹೊಸ ಮಲಾರದ ಮೊದಲ ಬಳೆಗಳು ಅವಳ ಕೈಗೆ. ಅವಳ ಎಡಗೈ ಹೆಬ್ಬೆರಳಿನ ಗಿಣ್ಣು ತುಸು ಹೊರಚಾಚಿತ್ತು. ಬಳೆ ಅಲ್ಲಿ ಬಂದು ಒಮ್ಮೆ ತಡೆಯುತ್ತಿತ್ತು. "ಇಲ್ಲೇ ನೋಡು ತಮ್ಮಾ, ನಿನ್ನ ವಿದ್ಯಾ ತಿಳಿಯೂದು" ಎಂದು ಅವಳು ನಗುತ್ತಿದ್ದಳು.

ತಂದೆ ಸಾಯುವಾಗ ಮನೆಯನ್ನು ಮಗನ ಹೆಸರಿಗೆ ಬರೆದ. ಬಾಯಿಮಾತಿನಲ್ಲಿ ಒಂದನ್ನು ಸೇರಿಸಿದ. ಹಿಂದಿನ ಕೋಣೆ, ಅವಳು ಇರುವ ತನಕ ಅವಳದು.

ಹೀಗಿರುವಾಗ ದೊಡ್ಡ ಊರಿನ ಚೌಕದಲ್ಲಿ ಒಂದು ಬಳೆ ಅಂಗಡಿ ಮಾರಾಟಕ್ಕೆ ಬಂತು. ಗಾಜಿನ ಕಪಾಟು, ಕೂರಲು ಮೆತ್ತೆ, ತಲೆಯ ಮೇಲೆ ನೆರಳು. ಮೂವತ್ತು ವರ್ಷ ಬಿಸಿಲಲ್ಲಿ ತಿರುಗಿದ ಬಳೆಗಾರನಿಗೆ ಅದು ಕಣ್ಣಲ್ಲಿ ಕೂತುಬಿಟ್ಟಿತು. ಅಂಗಡಿಯ ಮೇಲೊಂದು ಅಟ್ಟವಿತ್ತು. ಒಬ್ಬ ಕಾಲು ಚಾಚಿ ಮಲಗಬಹುದು, ಇಬ್ಬರಿಗಾಗದು. ಅಕ್ಕ ಎಲ್ಲಿರುತ್ತಾಳೆ ಎಂಬ ಯೋಚನೆ ಅವನಿಗೂ ಬಂತು. ಮೊದಲು ಮನೆ ಮಾರೋಣ, ಅದನ್ನು ಆಮೇಲೆ ನೋಡೋಣ ಎಂದುಕೊಂಡ.

ಆ ಸೀಮೆಯಲ್ಲಿ ಮನೆ ಮಾರುವುದಕ್ಕೆ ಒಂದು ಕ್ರಮವಿತ್ತು. ಎತ್ತಿನ ವ್ಯಾಪಾರದಂತೆ ಅಲ್ಲಿಯೂ ಬೆಲೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಹಾಸಿ, ಆ ಬಟ್ಟೆಯ ಕೆಳಗೆ ಬೆರಳು ಒತ್ತಿ ಬೆಲೆ ತಿಳಿಸುತ್ತಿದ್ದರು. ಮಾರುವವನ ಕೈಯನ್ನೊಮ್ಮೆ, ಕೊಳ್ಳುವವನ ಕೈಯನ್ನೊಮ್ಮೆ ಹಿಡಿದು ಇಬ್ಬರನ್ನೂ ಒಂದು ಬೆಲೆಗೆ ತರುವವನು ನಡುವಿನವನು. ಆದರೆ ಅವನ ಮೊದಲ ಕೆಲಸ ಅದಲ್ಲ. ವಲ್ಲಿ ಹಾಸುವ ಮುಂಚೆ ಅವನು ಹೊಸ್ತಿಲ ಹೊರಗೆ ನಿಂತು, ಒಳಕ್ಕೆ ಮುಖ ಮಾಡಿ, ಮೂರು ಸಲ ಕೂಗುತ್ತಿದ್ದ. "ಈ ಮನ್ಯಾಗ ಯಾರಿದ್ದೀರಿ?" ಒಳಗೆ ಬಾಳುವವರೆಲ್ಲ, ಹಾಸಿಗೆ ಹಿಡಿದ ಮುದುಕಿಯೂ, "ನಾ ಇದ್ದೀನಿ" ಎಂದು ಓಗೊಡಬೇಕು. ಓಗೊಟ್ಟ ಒಬ್ಬೊಬ್ಬರಿಗೂ ಮುಂದೆ ನೆಲೆ ಎಲ್ಲಿ ಎಂದು ಮಾರುವವನು ಹೇಳಬೇಕು. ಅವರು ಒಪ್ಪಿದರೆ ಮಾತ್ರ ವ್ಯಾಪಾರ.

ಮನೆ ಮಾರುವ ಸುದ್ದಿ ತಿಳಿದು ಪೇಟೆಯ ನಡುವಿನವನು ತಾನಾಗಿಯೇ ಬಂದ.

"ಏನಪಾ ಬಳೆಗಾರ, ಮನಿ ಮಾರ್ತೀಯಂತ. ನನ್ನ ಕರೀಲೇ ಇಲ್ಲ?"

"ನಿನಗ್ಯಾಕ ತೊಂದ್ರಿ ಅಣ್ಣಾ? ಕೈ ಹಿಡಿಯೂದು ನಿನಗಿಂತ ನನಗ ಚಲೋ ಬರ್ತದ."

"ಕೈ ಹಿಡೀತಿ ಬಿಡು. ಆ ಮಾತಿಗೆ ನಾ ಇಲ್ಲ ಅನ್ನೂದಿಲ್ಲ. ಕೂಗು ಹಾಕಾವ್ರು ಯಾರು?"

"ಯಾರನ್ನ ಕೂಗ್ತಿ? ಇರೂದ ನಾ ಒಬ್ಬ."

ನಡುವಿನವನು ಅವನ ಹೆಗಲಾಚೆಗೆ ಒಳಕ್ಕೆ ನೋಡಿದ. ಹಿಂದಿನ ಕೋಣೆಯಿಂದ ಬಳೆಗೆ ಬಳೆ ತಾಗುವ ಸದ್ದು ಬರುತ್ತಿತ್ತು. ಅವನು ಸ್ವಲ್ಪ ಹೊತ್ತು ಅದನ್ನು ಕೇಳಿದ. ಆಮೇಲೆ ಹೊರಟುಹೋದ.

ಬಳೆಗಾರ ಜುಗ್ಗ, ದಲ್ಲಾಳಿಯ ಪಾಲು ಉಳಿಸುತ್ತಿದ್ದಾನೆ ಎಂದು ಪೇಟೆ ಆಡಿಕೊಂಡಿತು. ಬಳೆಗಾರನೂ ಹಾಗೆಂದೇ ನಂಬಿದ್ದ.

ಮೊದಲು ಒಬ್ಬ ಬೆಲ್ಲದ ವ್ಯಾಪಾರಿ ಬಂದ. ಬಳೆಗಾರ ಅವನಿಗೆ ಪಡಸಾಲೆ ತೋರಿಸಿದ, ಅಡುಗೆಮನೆ ತೋರಿಸಿದ, ಹಿಂದಿನ ಕೋಣೆಯ ಬಾಗಿಲಿಗೆ ಕರೆತಂದ. ಒಳಗೆ ಅಕ್ಕ ಕಾಲು ಮಡಿಚಿ ಕೂತು ಬಳೆ ಪೋಣಿಸುತ್ತಿದ್ದಳು.

"ಆಕಿ ಯಾರು?"

"ಕೆಲಸದಾಕಿರೀ. ಸಂಜೀಗೆ ಹೋಗ್ತಾಳ."

ಅಕ್ಕನ ಕೈ ಹುರಿಯ ಮೇಲೆ ನಿಂತಿತು. ಆಮೇಲೆ ಮತ್ತೆ ನಡೆಯಿತು. ಬೆಲ್ಲದವನು ಬಾಗಿಲು ಕಿರಿದು, ಮೂಟೆ ಹಿಡಿಯುವುದಿಲ್ಲ ಎಂದು ಹೋದ.

ಅಕ್ಕ ಕಾಲೆಳೆದು ನಡೆಯುವವಳು. ಆ ಸದ್ದು ಕೇಳಿಯೇ ಬಳೆಗಾರ ಊಟಕ್ಕೆ ಏಳುತ್ತಿದ್ದ. ಅಂದು ಊಟದ ಗಂಗಾಳ ತನ್ನ ಮುಂದೆ ಬಂದ ಮೇಲೆಯೇ ಅವಳು ಬಂದದ್ದು ಅವನಿಗೆ ತಿಳಿಯಿತು.

"ಸಿಟ್ಟಾಗೀಯೇನು ಅಕ್ಕಾ?"

"ಯಾತಕ್ಕೋ ತಮ್ಮಾ?" ಎಂದಳು. ಅವಳು ಎದುರಿಗೇ ಕೂತಿದ್ದಳು. ದನಿ ಮಾತ್ರ ಪಕ್ಕದ ಮನೆಯಲ್ಲಿ ಯಾರೋ ಮಾತಾಡಿದಂತೆ ಬಂತು.

ಎರಡನೆಯವರು ಗಾಣದ ಗಂಡಹೆಂಡಿರು. ಅವರು ಬರುವ ಮುಂಚೆ ಬಳೆಗಾರ "ಒಂದ್ ಗಳಿಗಿ ಕದದ ಹಿಂದ ಕೂಡು ಅಕ್ಕಾ" ಎಂದ. ಅವಳು ಎದ್ದು ಹೋಗಿ ಕೂತಳು. ಗಾಣದವನು ಗೋಡೆ ತಟ್ಟಿದ, ತೊಲೆ ಎಣಿಸಿದ. ಹೆಂಡತಿ ಹಿಂದಿನ ಕೋಣೆಯಲ್ಲಿ ನಿಂತವಳು ಸೆರಗು ಎಳೆದುಕೊಂಡಳು.

"ಇಲ್ಲಿ ಯಾರೋ ಇದ್ದಾರ."

"ಯಾರೂ ಇಲ್ಲವ್ವಾ. ಹಿತ್ತಲ ಗಾಳಿ."

"ನಿಮ್ಮ ಮನಿ ಗಾಳಿಗೆ ಕೆಮ್ಮು ಬ್ಯಾರೆ ಐತೇನು?" ಎಂದು ಅವಳು ನಕ್ಕಳು. ಆದರೆ ಮತ್ತೆ ಆ ಕೋಣೆಯೊಳಗೆ ಕಾಲಿಡಲಿಲ್ಲ. ಗಂಡನನ್ನು ಕರೆದುಕೊಂಡು ಹೋದಳು.

ಅಂದು ಸಂಜೆ ಅಕ್ಕ ದೀಪ ಹಚ್ಚಿ ಪೋಣಿಸಲು ಕೂತಳು. ಬಳೆಗಾರ ಹೊಸ್ತಿಲಲ್ಲಿ ನಿಂತು ನೋಡಿದ. ಗೋಡೆಯ ಮೇಲೆ ಮಲಾರದ ನೆರಳಿತ್ತು. ಹುರಿಯ ನೆರಳಿತ್ತು. ಆ ಹುರಿಯ ಮೇಲೆ ಬಳೆಗಳ ನೆರಳು ಒಂದರ ಹಿಂದೊಂದು ತಾನಾಗಿ ಸರಿಯುತ್ತಿತ್ತು. ಪೋಣಿಸುವ ಕೈಯ ನೆರಳಿರಲಿಲ್ಲ. ಬತ್ತಿ ಸಣ್ಣದಾಗಿದೆ ಎಂದುಕೊಂಡು ಅವನು ಅದನ್ನು ಮುಂದಕ್ಕೆಳೆದ. ದೀಪ ದೊಡ್ಡದಾಯಿತು. ಗೋಡೆ ಹಾಗೆಯೇ ಇತ್ತು. ಅವನು ಹೊರಗೆ ಬಂದು ಜಗಲಿಯ ಮೇಲೆ ಕೂತ.

ಆ ವರ್ಷ ಪಂಚಮಿ ಬಂತು, ಹೋಯಿತು. ಮನೆ ತೋರಿಸುವ ಓಡಾಟದಲ್ಲಿ ಅಕ್ಕನ ಕೈಗೆ ಬಳೆ ತೊಡಿಸುವುದು ಅವನಿಗೆ ಮರೆತುಹೋಯಿತು. ಅವಳೂ ಕೇಳಲಿಲ್ಲ.

"ಅಕ್ಕ ಬೇರೆ ಎಲ್ಲಾದರೂ ಹೋಗಬಹುದಿತ್ತಲ್ಲ, ತಾಯಿ?" ಎಂದು ಅಡಿವೆಪ್ಪ ತಟ್ಟನೆ ನಡುವೆ ಬಾಯಿ ಹಾಕಿದ. "ನೆಂಟರು ಇಷ್ಟರು ಅಂತ ಯಾರಾದರೂ ಇರುತ್ತಾರೆ."

"ಯಾರ ಮನೆಗೆ, ಹೇಳು" ಎಂದರು ಗುರುತಾಯಿ.

ಅವರು ಕತೆ ಮುಂದುವರಿಸಿದರು.

ಮೂರನೆಯವನು ಹತ್ತಿಯ ವ್ಯಾಪಾರಿ. ಹೇಳದೆ ಕೇಳದೆ ಮಟಮಟ ಮಧ್ಯಾಹ್ನ ಬಂದುಬಿಟ್ಟ. ಅಕ್ಕನಿಗೆ ಮರೆಯಾಗು ಎನ್ನಲು ಬಳೆಗಾರನಿಗೆ ಹೊತ್ತೇ ಸಿಗಲಿಲ್ಲ. ಹತ್ತಿಯವನು ನೇರ ಹಿಂದಿನ ಕೋಣೆಗೆ ನಡೆದ. ಅಕ್ಕ ನಡು ಕೋಣೆಯಲ್ಲಿ, ಸುತ್ತ ಬಳೆ ಹರಡಿಕೊಂಡು ಕೂತಿದ್ದಳು. ಅವನು ಅವಳಿಂದ ಒಂದು ಮೊಳ ದೂರದಲ್ಲಿ ನಿಂತ.

"ಚಲೋ ಕೋಣಿ. ಬೆಳಕೂ ಚಲೋ ಐತಿ. ಖಾಲಿ ಯಾಕ ಇಟ್ಟೀಪಾ?"

ಬಳೆಗಾರ ಅಕ್ಕನನ್ನು ನೋಡಿದ. ಅಕ್ಕ ಬಳೆಗಾರನನ್ನು ನೋಡಿದಳು. ಹತ್ತಿಯವನು ಅಳತೆ ನೋಡಲು ಕೈಯ ಕೋಲನ್ನು ಗೋಡೆಯಿಂದ ಗೋಡೆಗೆ ಚಾಚಿದ. ಕೋಲು ಅವಳ ಕೆನ್ನೆಯ ಬಳಿಗೆ ಬಂತು. ಅವಳು ತಲೆ ವಾಲಿಸಿ ಅದಕ್ಕೆ ದಾರಿ ಬಿಟ್ಟಳು.

ಬಳೆಗಾರ ಆಡಬೇಕಾಗಿದ್ದದ್ದು ಒಂದೇ ಮಾತು.

"ಉಪಯೋಗ ಇಲ್ಲರೀ, ಅದಕ್ಕ" ಎಂದ.

ಅವನಿಗೆ ಆಗ ಹೆದರಿಕೆಯಾಗಬೇಕಿತ್ತು. ಆದದ್ದು ನಿರಾಳ.

ಇಬ್ಬರೂ ಜಗಲಿಯ ಮೇಲೆ ಎದುರುಬದುರು ಕೂತರು. ನಡುವೆ ವಲ್ಲಿ ಹಾಸಿದರು. ಕೈಗಳು ಕೆಳಗೆ ಹೋದವು. ಹತ್ತಿಯವನ ಕೈ ದಪ್ಪ, ಅಂಗೈ ಬೆವರಿತ್ತು. ಅವನು ಎರಡು ಬೆರಳು ಒತ್ತಿದ. ಬಳೆಗಾರ ಮೂರು ಒತ್ತಿದ. ಹತ್ತಿಯವನು ನಕ್ಕು ಮತ್ತೆ ಎರಡಕ್ಕೆ ಬಂದ. ಬಳೆಗಾರನ ಮನಸ್ಸು ಸೋತಿತ್ತು. ಅಂಗಡಿ ಕೈತಪ್ಪೀತೆಂಬ ಅವಸರದಲ್ಲಿ, ಎರಡಕ್ಕೇ ಒಪ್ಪಿಬಿಡೋಣವೆಂದು ಬೆರಳು ಸಡಿಲಿಸಿದ.

ಆಗ ವಲ್ಲಿಯ ಕೆಳಗೆ ಇನ್ನೊಂದು ಕೈ ಬಂತು.

ಸಣ್ಣ ಕೈ. ಒಣಗಿದ ಅಂಗೈ. ಬರಿಗೈ. ಅದು ಅವನ ಮಣಿಕಟ್ಟನ್ನು ಹಿಡಿಯಿತು. ಯಾರ ಕೈ ಎಂದು ಅವನು ಕೇಳಿಕೊಳ್ಳಬೇಕಾಗಿರಲಿಲ್ಲ. ಹೆಬ್ಬೆರಳಿನ ಗಿಣ್ಣು ಅವನ ಚರ್ಮಕ್ಕೆ ಒತ್ತುತ್ತಿತ್ತು. ಆ ಕೈ ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿತು, ಒಂದೊಂದಾಗಿ ಬಿಡಿಸಿತು. ಮಗುವಾಗಿದ್ದಾಗ ಅವನಿಗೆ ಎಣಿಕೆ ಕಲಿಸಿದ್ದು ಹೀಗೆಯೇ. ಒಂದು, ಎರಡು, ಮೂರು. ಮೂರು ದಾಟಿತು. ನಾಲ್ಕಕ್ಕೆ ನಿಂತಿತು. ಹತ್ತಿಯವನ ಕೈಯೊಳಗೆ ಆ ನಾಲ್ಕನ್ನು ಗಟ್ಟಿಯಾಗಿ ಒತ್ತಿತು.

ಹತ್ತಿಯವನ ಮುಖ ಬಿಳಿಚಿಕೊಂಡಿತು.

"ಆತು, ಆತು. ಒಪ್ಪೀನಿ" ಎಂದ. "ಕೈ ಬಿಡಪಾ."

ಬಳೆಗಾರ ವಲ್ಲಿಯನ್ನು ಎಳೆದ. ಕೆಳಗೆ ಇದ್ದದ್ದು ಎರಡೇ ಕೈ.

ಅವನು ಒಳಗೆ ಓಡಿದ. ಕೋಣೆ ಖಾಲಿಯಿತ್ತು. ಬಳೆಗಳು ಹರಡಿದಂತೆಯೇ ಇದ್ದವು. ಮಲಾರ ಅರ್ಧ ಕಟ್ಟಿತ್ತು, ಹುರಿಯ ತುದಿ ಇನ್ನೂ ಅಲ್ಲಾಡುತ್ತಿತ್ತು. ಹಿತ್ತಲ ಬಾಗಿಲಿನ ಅಗಳಿ ಒಳಗಿನಿಂದ ಹಾಕಿತ್ತು. "ಅಕ್ಕಾ" ಎಂದ. ಅಟ್ಟ ನೋಡಿದ, ಬಾವಿ ಬಗ್ಗಿ ನೋಡಿದ. ಹಿತ್ತಲ ಗೋಡೆಯಾಚೆ ಬಟ್ಟೆ ಒಗೆಯುತ್ತಿದ್ದ ನೆರೆಯಾಕೆಯನ್ನು ಕೂಗಿ, ನಮ್ಮ ಅಕ್ಕನ್ನ ಕಂಡೆಯಾ ಎಂದು ಕೇಳಿದ.

"ಯಾವ ಅಕ್ಕ?" ಎಂದಳು ಆಕೆ. ಚೇಷ್ಟೆ ಮಾಡುತ್ತಿರಲಿಲ್ಲ. "ಇರೂದ ನಾ ಒಬ್ಬ ಅಂತ ನೀನ ಹೇಳ್ತಿದ್ದೆಲ್ಲೋ ಯಪ್ಪಾ, ಊರ ಮಂದಿಗೆಲ್ಲ."

ಬಳೆಗಾರ ಮೂರು ದಿನ ಹುಡುಕಿದ. ನಾಲ್ಕನೆಯ ದಿನ ದೊಡ್ಡ ಊರಿಗೆ ಹೋಗಿ ಅಂಗಡಿ ಹಿಡಿದ.

ಮೊದಲ ದಿನ ಬಂದವಳು ಹೊಸ ಮದುಮಗಳು, ತುಂಬಿದ ಕೈಯವಳು. ಬಳೆಗಾರ ಅವಳ ಕೈ ಹಿಡಿದು ಕಣ್ಣು ಮುಚ್ಚಿದ. ಸಣ್ಣ ಕೈ. ಒಣಗಿದ ಅಂಗೈ. ಹೆಬ್ಬೆರಳಿನ ಗಿಣ್ಣು ಹೊರಗೆ. ಕಣ್ಣು ತೆರೆದರೆ ಎದುರಿಗೆ ಮದುಮಗಳ ದುಂಡು ಕೈ. ಅವನು ಬೆರಳಿನ ಮಾತು ನಂಬಿ ಬಳೆ ಆರಿಸಿದ. ಅರ್ಧಕ್ಕೆ ಬಂದು ಬಳೆ ಒಡೆಯಿತು, ಅವಳ ಕೈಯಲ್ಲಿ ರಕ್ತ ಬಂತು. ಮರುದಿನ ಒಬ್ಬ ಮುದುಕಿ, ಅದರ ಮರುದಿನ ಒಂದು ಶಾಲೆಯ ಹುಡುಗಿ. ಯಾರ ಕೈ ಹಿಡಿದರೂ ಅವನ ಬೆರಳಿಗೆ ಸಿಗುತ್ತಿದ್ದದ್ದು ಒಂದೇ ಕೈ. ವರ್ಷ ತಿರುಗುವುದರೊಳಗೆ, ಆ ಅಂಗಡಿಯ ಬಳೆ ಮೈಗೆ ಆಗುವುದಿಲ್ಲ ಎಂದು ಹೆಂಗಸರು ದಾರಿ ಬದಲಿಸಿ ನಡೆಯತೊಡಗಿದರು.

ಅವನು ಅಂಗಡಿಯನ್ನು ಬಿಟ್ಟುಕೊಟ್ಟ. ಬಂದದ್ದನ್ನು ತೆಗೆದುಕೊಂಡು ಹಳೆಯ ಪೇಟೆಗೆ ಬಂದ. ಹತ್ತಿಯವನ ಮುಂದೆ ನಿಂತು, ಮನೆಯನ್ನು ತಿರುಗಿ ಕೊಡು ಎಂದ.

"ತಗೋ. ನನಗೂ ಸಾಕಾಗೇದ" ಎಂದ ಹತ್ತಿಯವನು. "ಆದ್ರ ನಡುವಿನಾಂವನ್ನ ಕರ್ಕೊಂಡ ಬಾ. ನಾ ನಿನ್ನ ಕೂಡ ಮತ್ತ ವಲ್ಲಿ ಕೆಳಗ ಕೈ ಇಡಾಂವಲ್ಲ."

"ಯಾಕರೀ?"

"ಅವತ್ತ ನನ್ನ ಕೈ ಒತ್ತಿದ್ದು ನೀ ಅಲ್ಲ."

ನಡುವಿನವನು ಬಂದ. ಬಳೆಗಾರನ ಮುಖವನ್ನು ಅವನು ಹೆಚ್ಚು ನೋಡಲಿಲ್ಲ. ಹೊಸ್ತಿಲ ಹೊರಗೆ ನಿಂತು ಒಳಕ್ಕೆ ಮುಖ ಮಾಡಿದ.

"ಈ ಮನ್ಯಾಗ ಯಾರಿದ್ದೀರಿ?"

"ನಾ ಇದ್ದೀನಿ" ಎಂದ ಹತ್ತಿಯವನು. ಎರಡನೆಯ ಕೂಗಿಗೆ ಅವನ ಹೆಂಡತಿ ಅಡುಗೆಮನೆಯಿಂದ "ನಾ ಇದ್ದೀನಿ" ಎಂದು ಹೊರಗೆ ಬಂದಳು. ಅವರಿಗೆ ಮಕ್ಕಳಿರಲಿಲ್ಲ. ನಡುವಿನವನು ಮೂರನೆಯ ಸಲ ಕೂಗಿದ. ಕ್ರಮ ಅಂದಮೇಲೆ ಕೂಗಲೇಬೇಕಲ್ಲ.

ಹಿಂದಿನ ಕೋಣೆಯಿಂದ ದನಿ ಬಂತು. "ನಾ ಇದ್ದೀನಿ."

ಹತ್ತಿಯವನು ಬೆಚ್ಚಲಿಲ್ಲ. ಹೆಂಡತಿ ಬೆಚ್ಚಲಿಲ್ಲ. "ಆಕಿ ದಿನಾ ಇರ್ತಾಳ" ಎಂದು ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಮುಂಜಾನೆದ್ದು ಒಂದು ಗಂಗಾಳ ಆ ಕೋಣ್ಯಾಗ ಇಡ್ತೀನಿ. ಯಾರಂತ ಕೇಳಿದ್ರ ಹೇಳೂದಿಲ್ಲ. ಇರ್ಲಿ ಬಿಡು, ಹೆಣ್ಣಜೀವ, ಎಲ್ಲಿಗೆ ಹೋದೀತು."

ಬಳೆಗಾರ ಬಾಗಿಲ ತೋಳು ಹಿಡಿದುಕೊಂಡ. ಅವಳು ಇದ್ದಳು. ಇನ್ನೊಂದು ಮಾತು ಒಪ್ಪಿಗೆಯಾದರೆ ಮನೆ ಅವನದು, ಕೋಣೆ ಅವಳದು, ಎಲ್ಲ ಮೊದಲಿನಂತೆ.

ನಡುವಿನವನು ದನಿ ಎತ್ತಿ ಒಳಕ್ಕೆ ಹೇಳಿದ. "ಅವ್ವಾ, ಈ ಮನಿ ಕೊಳ್ಳಾಕ ಒಬ್ಬಾಂವ ಬಂದಾನ. ನೀ ಓಗೊಟ್ಟಾಕಿ, ನಿನ್ನ ಕೇಳಬೇಕು. ಇವಗ ಕೊಡೂಣೇನು?"

ಒಳಗಿನಿಂದ ದನಿ ಬಂತು. ಅದರಲ್ಲಿ ಸಿಟ್ಟಿರಲಿಲ್ಲ. ನೋವೂ ಇರಲಿಲ್ಲ. ಗುರುತಿಲ್ಲದವರು ಬಾಗಿಲಿಗೆ ಬಂದಾಗ ಕೇಳುವ ಹಾಗೆ ಕೇಳಿತು.

"ಅಂವ ಯಾರು?"

ನಡುವಿನವನು ಬಳೆಗಾರನ ಕಡೆ ತಿರುಗಿದ. "ಹೇಳಪಾ. ಆಕಿಗೆ ನೀ ಯಾರು?"

ಹತ್ತಿಯವನು ನೋಡುತ್ತಿದ್ದ. ಅವನ ಹೆಂಡತಿ ನೋಡುತ್ತಿದ್ದಳು. ಬಳೆಗಾರ ಬಾಯಿ ತೆರೆದ.

ಇಲ್ಲಿಗೆ ಗುರುತಾಯಿ ನಿಲ್ಲಿಸಿದರು.

ಅವರು ಮುಂದಕ್ಕೆ ಹೇಳುವಂತೆ ಕಾಣದೆ ಅಡಿವೆಪ್ಪನೇ ಕೇಳಿದ.

"ಅವನು ಏನು ಹೇಳಿದ, ತಾಯಿ?"

"ಅವನ ಉತ್ತರ ಅವನಿಗಿರಲಿ ಮಗು, ನಿನ್ನ ಹೊ‌ಸ್ತಿಲಲ್ಲಿ ನಿಂತು ಕೂಗಿದರೆ ಯಾರು ಯಾರು ಓಗೊಡುತ್ತಾರೋ ಅವರ ಹೆಸರು ಬರೆದು ತಾ."